ಆರ್ಥೊಡಾಂಟಿಕ್ಸ್: ಬಿ.ಡಿ.ಎಸ್. ಹಂತದ ಬೋಧನೆ

ಓರೆಕೋರೆಯಾಗಿ ಬಂದ ಹಲ್ಲುಗಳನ್ನು, ಒಂದಕ್ಕೊಂದು ಹೊಂದದೆ ಬೆಳೆದ ದವಡೆಗಳನ್ನು ಸರಿಪಡಿಸುವ ದಂತವೈದ್ಯ ಶಾಖೆ ಆರ್ಥೊಡಾಂಟಿಕ್ಸ್. ಕನ್ನಡದ ಬರಹಗಳಲ್ಲಿ ಇದು ವಕ್ರದಂತ ಚಿಕಿತ್ಸೆ, ಕಾಲೇಜಿನಲ್ಲಿ ಬರೀ ಆರ್ಥೊ, ಮನೆಗಳಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸುವುದು. ಭಾರತದಲ್ಲಿ ದಂತವೈದ್ಯ ಪದವಿಗೆ (ಬಿ.ಡಿ.ಎಸ್.) ಓದುವ ಎಲ್ಲರೂ ಇದನ್ನು ಕಲಿಯಲೇಬೇಕು. ತಂತಿ ಬಾಗಿಸುವ ಅಭ್ಯಾಸ ಮೊದಲು ಶುರುವಾಗುತ್ತದೆ, ಪಾಠ ಮತ್ತು ರೋಗಿಗಳ ನಡುವಿನ ತರಬೇತಿ ಆಮೇಲೆ ಬರುತ್ತವೆ, ನಾಲ್ಕನೆಯ ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಪರೀಕ್ಷೆ. ಪಾಸಾದ ಮಾತ್ರಕ್ಕೆ ಯಾರೂ ಆರ್ಥೊಡಾಂಟಿಸ್ಟ್ ಆಗುವುದಿಲ್ಲ; ಅದಕ್ಕೆ ಮೂರು ವರ್ಷದ ಎಂ.ಡಿ.ಎಸ್. ಬೇರೆಯೇ ಇದೆ. ತಾನು ಮುಂದೆ ಮಾಡದೆಯೂ ಇರಬಹುದಾದ ಚಿಕಿತ್ಸೆಯನ್ನು ವಿದ್ಯಾರ್ಥಿ ಎಷ್ಟರಮಟ್ಟಿಗೆ ಕಲಿಯಬೇಕು ಎಂಬ ಪ್ರಶ್ನೆ ಹೀಗೆ ಹುಟ್ಟುತ್ತದೆ. ಮಗುವಿನ ಬಾಯಲ್ಲಿ ಹಲ್ಲು ದಾರಿ ತಪ್ಪುತ್ತಿರುವುದು ಮೊದಲು ಕಣ್ಣಿಗೆ ಬೀಳುವುದು ಊರಿನ ಸಾಮಾನ್ಯ ದಂತವೈದ್ಯರಿಗೆ, ತಜ್ಞರಿಗಲ್ಲ. ಯಾವುದನ್ನು ಮುಟ್ಟಬಾರದು, ಯಾವುದನ್ನು ಈಗಲೇ ತಡೆಯಬೇಕು, ಯಾರನ್ನು ಯಾವ ವಯಸ್ಸಿನಲ್ಲಿ ತಜ್ಞರ ಬಳಿ ಕಳಿಸಬೇಕು ಎಂದು ತೀರ್ಮಾನಿಸಬೇಕಾದವರು ಅವರೇ. ಬಿ.ಡಿ.ಎಸ್. ಹಂತದ ಪಾಠವನ್ನು ಅಳೆಯಬೇಕಾದದ್ದು ಈ ತೀರ್ಮಾನವನ್ನು ಅದು ಎಷ್ಟು ಚೆನ್ನಾಗಿ ಕಲಿಸುತ್ತದೆ ಎಂಬುದರಿಂದ.

ಹಿನ್ನೆಲೆ

ಈ ವಿಷಯವನ್ನು ದಂತವೈದ್ಯ ಕಾಲೇಜಿನಿಂದ ಹೊರಗೊಯ್ದವನು ಅಮೆರಿಕದ ಎಡ್ವರ್ಡ್ ಹಾರ್ಟ್‌ಲಿ ಆಂಗಲ್ (1855–1930). ಹಲವು ಕಾಲೇಜುಗಳಲ್ಲಿ ಪಾಠ ಹೇಳಿದ ಮೇಲೆ, ಹಲ್ಲು ಕೀಳುವುದು, ತುಂಬುವುದು, ಕಟ್ಟುವುದು ಇವುಗಳ ಸಂದಿಯಲ್ಲಿ ಆರ್ಥೊಡಾಂಟಿಕ್ಸ್ ಕಲಿಸಲಾಗದು ಎಂಬ ತೀರ್ಮಾನಕ್ಕೆ ಅವನು ಬಂದ. 1900ರಲ್ಲಿ ಸೇಂಟ್ ಲೂಯಿಯಲ್ಲಿ ಸ್ವಂತ ಶಾಲೆ ತೆರೆದು, ಆಗಲೇ ದಂತವೈದ್ಯರಾಗಿದ್ದವರಿಗೆ ಅಲ್ಪಾವಧಿಯ ತರಬೇತಿ ಕೊಡತೊಡಗಿದ. ದಂತವೈದ್ಯದಲ್ಲಿ ಒಂದು ಶಾಖೆ ಪೂರ್ತಿ ಪರಿಣತಿಯ ಕ್ಷೇತ್ರವಾಗಿ ಬೇರೆಯಾದದ್ದು ಇಲ್ಲಿಂದ. ಹಾಗೆ ಕಾಲೇಜು ಬಿಟ್ಟುಹೋದವನು 1899ರಲ್ಲಿ ಪ್ರಕಟಿಸಿದ ವರ್ಗೀಕರಣವೇ ಇವತ್ತಿಗೂ ಪ್ರತಿ ಕಾಲೇಜಿನ ಆರ್ಥೊ ಪಾಠದ ಬುನಾದಿ.

ಆಂಗಲ್‌ನ ಶಿಷ್ಯರು ಗುರುವಿನ ಮಾತನ್ನು ಹಾಗೇ ಒಪ್ಪಿಕೊಂಡವರಲ್ಲ. 32 ಹಲ್ಲುಗಳನ್ನೂ ಉಳಿಸಿಕೊಂಡೇ ಸಾಲು ಸರಿಮಾಡಬೇಕು ಎಂಬುದು ಆಂಗಲ್‌ನ ಹಟವಾಗಿತ್ತು. ಅವನ ಸಮಕಾಲೀನ ಕ್ಯಾಲ್ವಿನ್ ಕೇಸ್ ಅದನ್ನು ವಿರೋಧಿಸಿದ. 1911ರ ಸುಮಾರಿಗೆ ಇಬ್ಬರ ಕಡೆಯವರ ನಡುವೆ ನಡೆದ ವಾದವಿವಾದ ಈ ಶಾಖೆಯ ಇತಿಹಾಸದಲ್ಲಿ ಹೆಸರಾಗಿದೆ. ಮುಂದೆ ಆಂಗಲ್‌ನ ಕೈಕೆಳಗೇ ಕಲಿತ ಚಾರ್ಲ್ಸ್ ಟ್ವೀಡ್, ಹಲ್ಲು ಕೀಳದೆ ಮುಗಿಸಿದ ತನ್ನ ರೋಗಿಗಳಲ್ಲಿ ಹಲ್ಲು ಮತ್ತೆ ಜಾಗ ಬಿಟ್ಟದ್ದನ್ನು ಕಂಡು, ನಾಲ್ಕು ಹಲ್ಲು ಕಿತ್ತು ಮರುಚಿಕಿತ್ಸೆ ಮಾಡಿ ತೋರಿಸಿದ. ಇನ್ನೊಬ್ಬ ಶಿಷ್ಯ ಆಸ್ಟ್ರೇಲಿಯಾದ ಅಡಿಲೇಡ್‌ನ ರೇಮಂಡ್ ಬೆಗ್. ಅಲ್ಲಿನ ಮೂಲನಿವಾಸಿಗಳ ಸವೆದ ಹಲ್ಲುಗಳನ್ನು ಅಭ್ಯಸಿಸಿ, ಸಣ್ಣ ದುಂಡು ತಂತಿಗಳ ತನ್ನದೇ ವಿಧಾನ ರೂಪಿಸಿದವನು. ಭಾರತದ ವಿಭಾಗಗಳಲ್ಲಿ ಬೆಗ್ ವಿಧಾನ ದಶಕಗಳ ಕಾಲ ಆಳಿತು. ಈ ಜಗಳಗಳ ಕಥೆಯನ್ನು ಒಂದು ಗಂಟೆ ಕೊಟ್ಟು ಹೇಳುವ ಅಧ್ಯಾಪಕರು ಕಡಿಮೆ. ಹೇಳಿದರೆ ಒಳ್ಳೆಯದು: ಹಲ್ಲು ಕೀಳಬೇಕೋ ಬೇಡವೋ ಎಂಬುದಕ್ಕೆ ಸೂತ್ರವಿಲ್ಲ ಎಂದು ವಿದ್ಯಾರ್ಥಿಗೆ ಮನದಟ್ಟಾಗಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಭಾರತದಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದರು. 1948ರ ದಂತವೈದ್ಯರ ಕಾಯಿದೆಯ ನಂತರ ಭಾರತೀಯ ದಂತವೈದ್ಯ ಪರಿಷತ್ತು ಬಂತು, ದೇಶಕ್ಕೆಲ್ಲ ಒಂದೇ ಪಾಠಪಟ್ಟಿ ಬಂತು. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದವು. ಎಪ್ಪತ್ತರ ದಶಕದ ಕೊನೆಯಿಂದ ದಾವಣಗೆರೆ, ಮಂಗಳೂರು, ಧಾರವಾಡ ಎಂದು ಹಬ್ಬಿ ರಾಜ್ಯವೇ ದಂತವೈದ್ಯ ಶಿಕ್ಷಣದ ದೊಡ್ಡ ಕೇಂದ್ರವಾಯಿತು. ಇಲ್ಲಿನ ಬಹುಪಾಲು ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಮಣಿಪಾಲ, ನಿಟ್ಟೆ, ಮೈಸೂರಿನ ಜೆ.ಎಸ್.ಎಸ್. ಮುಂತಾದವು ಡೀಮ್ಡ್ ವಿಶ್ವವಿದ್ಯಾಲಯಗಳು. ಪಾಠಪಟ್ಟಿಗೆ ಆಧಾರ ಪರಿಷತ್ತಿನ 2007ರ ಬಿ.ಡಿ.ಎಸ್. ನಿಯಮಾವಳಿ. ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ದಂತವೈದ್ಯ ಆಯೋಗವನ್ನು ತರುವ ಕಾಯಿದೆಗೆ 2023ರಲ್ಲಿ ಅಂಕಿತ ಬಿತ್ತು.

ಬೆಳವಣಿಗೆಯ ಪಾಠ

ವಿದ್ಯಾರ್ಥಿಗಳಿಗೆ ಅತಿ ಬೇಸರ ತರಿಸುವ ಭಾಗ ತಲೆಬುರುಡೆ ಮತ್ತು ದವಡೆಗಳ ಬೆಳವಣಿಗೆ. ಸ್ಕ್ಯಾಮನ್‌ನ ರೇಖೆಗಳು, ಮಾಸ್‌ನ ಸಿದ್ಧಾಂತ, ಎನ್ಲೋ ಹೇಳಿದ ಮೂಳೆಯ ಸರಿದಾಟ ಎಲ್ಲವೂ ಮೊದಲ ತಿಂಗಳಲ್ಲೇ ಒಂದರ ಮೇಲೊಂದು ಬೀಳುತ್ತವೆ. ಯಾವ ರೋಗಿಯ ಮುಖವೂ ಇನ್ನೂ ಕಣ್ಣೆದುರು ಇರುವುದಿಲ್ಲ, ಹಾಗಾಗಿ ಬಾಯಿಪಾಠವೇ ಗತಿ. ಅದೇ ಪಾಠವನ್ನು ಮಕ್ಕಳ ಬಾಯಿಂದ ಶುರುಮಾಡಿದರೆ ಬೇರೆಯೇ ಆಗುತ್ತದೆ.

ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲೆಂದು ಬಹಳ ತಂದೆತಾಯಂದಿರಿಗೆ ಗೊತ್ತೇ ಇರುವುದಿಲ್ಲ, ಹುಳುಕಾದರೂ ಬಿಟ್ಟುಬಿಡುತ್ತಾರೆ. ಏಳೆಂಟರಲ್ಲಿ ಮೇಲಿನ ಬಾಚಿಹಲ್ಲುಗಳು ನಡುವೆ ಸಂದಿಯಿಟ್ಟುಕೊಂಡು, ಹೊರಕ್ಕೆ ಹರಡಿಕೊಂಡು ಬರುತ್ತವೆ. ಮಗು ನಕ್ಕರೆ ತಾಯಿಗೆ ಆತಂಕ. ಒಳಗೆ ಇನ್ನೂ ಇಳಿಯುತ್ತಿರುವ ಕೋರೆಹಲ್ಲು ಪಕ್ಕದ ಬಾಚಿಹಲ್ಲಿನ ಬೇರನ್ನು ಒತ್ತುತ್ತಿರುವುದರಿಂದ ಹೀಗಾಗುತ್ತದೆ. ಹನ್ನೊಂದು, ಹನ್ನೆರಡರಲ್ಲಿ ಕೋರೆಹಲ್ಲು ಕೆಳಗೆ ಬಂದಾಗ ಸಣ್ಣ ಸಂದಿ ತಾನಾಗಿ ಮುಚ್ಚುತ್ತದೆ. 2 ಮಿ.ಮೀ.ಗಿಂತ ದೊಡ್ಡದು ತಾನಾಗಿ ಪೂರ್ತಿ ಮುಚ್ಚುವುದು ಕಷ್ಟ. ಬ್ರಾಡ್‌ಬೆಂಟ್ 1937ರಲ್ಲಿ ಇದಕ್ಕೆ ‘ಅಗ್ಲಿ ಡಕ್ಲಿಂಗ್’ ಹಂತವೆಂದು ಹೆಸರಿಟ್ಟ. ಈ ವಯಸ್ಸಿನಲ್ಲಿ ಅವಸರಪಟ್ಟು ಹಲ್ಲುಗಳನ್ನು ಒಟ್ಟಿಗೆ ಎಳೆದರೆ ಪಕ್ಕದ ಹಲ್ಲಿನ ಬೇರು ಕೋರೆಹಲ್ಲಿಗೆ ಬಡಿದು ಕರಗಬಹುದು. ಏನೂ ಮಾಡದೆ ಇರುವುದೇ ಇಲ್ಲಿ ಚಿಕಿತ್ಸೆ. ಪರೀಕ್ಷೆಯಲ್ಲಿ ಇದು ಐದು ಅಂಕದ ಚಿಕ್ಕ ಟಿಪ್ಪಣಿಯಾಗಿ ಬರುತ್ತದೆ, ವೃತ್ತಿಗಿಳಿದ ಮೇಲೆ ವಾರಕ್ಕೊಮ್ಮೆಯಾದರೂ ಎದುರಿಗೆ ಬಂದು ಕೂರುತ್ತದೆ.

ಇದರ ತದ್ವಿರುದ್ಧ ಸಂದರ್ಭವೂ ಇದೆ. ‘ಹೆಂಗೂ ಬಿದ್ದೋಗೋ ಹಲ್ಲು ಡಾಕ್ಟ್ರೇ, ಕಿತ್ತಾಕ್ಬಿಡಿ’ ಎನ್ನುವ ಅಪ್ಪನಿಗೆ ವಿದ್ಯಾರ್ಥಿ ಉತ್ತರ ಹೇಳಲು ಕಲಿಯಬೇಕು. ಹಾಲಿನ ಕೋರೆಹಲ್ಲು ಮತ್ತು ದವಡೆಹಲ್ಲುಗಳು, ಅವುಗಳ ಜಾಗಕ್ಕೆ ಬರುವ ಶಾಶ್ವತ ಹಲ್ಲುಗಳಿಗಿಂತ ಒಟ್ಟಾರೆ ಸ್ವಲ್ಪ ಅಗಲ. ನ್ಯಾನ್ಸ್ 1947ರಲ್ಲಿ ಕೊಟ್ಟ ಲೆಕ್ಕದಂತೆ ಕೆಳದವಡೆಯಲ್ಲಿ ಒಂದೊಂದು ಬದಿಗೆ 1.7 ಮಿ.ಮೀ., ಮೇಲೆ 0.9 ಮಿ.ಮೀ. ಉಳಿಕೆ. ಇಕ್ಕಟ್ಟಾದ ಬಾಯಲ್ಲಿ ಇಷ್ಟು ಜಾಗ ದೊಡ್ಡ ಸಂಪತ್ತು. ಹಾಲಿನ ಎರಡನೆಯ ದವಡೆಹಲ್ಲನ್ನು ವೇಳೆಗೆ ಮೊದಲೇ ಕಿತ್ತರೆ ಹಿಂದಿನ ಶಾಶ್ವತ ದವಡೆಹಲ್ಲು ಮುಂದಕ್ಕೆ ಸರಿದು ಆ ಉಳಿಕೆಯ ಜಾಗವನ್ನಷ್ಟೇ ಅಲ್ಲ, ಮುಂದೆ ಬರಬೇಕಾದ ಶಾಶ್ವತ ಹಲ್ಲಿನ ಜಾಗವನ್ನೂ ನುಂಗುತ್ತದೆ. ಆದ್ದರಿಂದ ಹುಳುಕು ತುಂಬಿ ಹಲ್ಲನ್ನು ಉಳಿಸಬೇಕು. ಕೀಳಲೇಬೇಕಾದರೆ ಉಂಗುರ ಮತ್ತು ತಂತಿಯ ಸ್ಪೇಸ್ ಮೇಂಟೇನರ್ ಕೂರಿಸಿ ಜಾಗ ಕಾಯಬೇಕು. ಇದು ಸಾಮಾನ್ಯ ದಂತವೈದ್ಯರ ಕೈಗೆಟುಕುವ ಕೆಲಸ.

ಹತ್ತನೆಯ ವರ್ಷದ ಹೊತ್ತಿಗೆ ಮೇಲಿನ ಕೋರೆಹಲ್ಲಿನ ಉಬ್ಬು ತುಟಿಯ ಒಳಬದಿಯ ವಸಡಿನಲ್ಲಿ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಅದು ಅಂಗುಳದ ಕಡೆಗೆ ಹೊರಳಿರಬಹುದು, ಎಕ್ಸ್‌ರೇ ಬೇಕು. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ತೋರಿಸಿದಂತೆ, ಸರಿಯಾದ ವಯಸ್ಸಿನಲ್ಲಿ ಹಾಲಿನ ಕೋರೆಹಲ್ಲನ್ನು ಕಿತ್ತರೆ ಇಂಥ ಹಲ್ಲುಗಳಲ್ಲಿ ಬಹುಪಾಲು ತಾವಾಗಿ ದಾರಿಗೆ ಬರುತ್ತವೆ. ಕಾಣದೆ ಹೋದರೆ ಮುಂದೆ ಶಸ್ತ್ರಕ್ರಿಯೆ, ಸರಪಳಿ, ವರ್ಷಗಟ್ಟಲೆ ಚಿಕಿತ್ಸೆ. ಬೆರಳೊಂದರಿಂದ ಒತ್ತಿ ನೋಡುವ ಈ ಪರೀಕ್ಷೆಯನ್ನು ಪ್ರತಿ ವಿದ್ಯಾರ್ಥಿಯಿಂದ ಮಾಡಿಸದ ಕಾಲೇಜಿನ ಆರ್ಥೊ ಪಾಠ ಅರ್ಧ ಪಾಠವೇ.

ವರ್ಗೀಕರಣ ಮತ್ತು ಅಳತೆ

ಆಂಗಲ್ ಮೂರು ವರ್ಗ ಮಾಡಿದ. ಮೇಲಿನ ಮೊದಲ ದವಡೆಹಲ್ಲಿನ ಕೆನ್ನೆಬದಿಯ ಮುಂದಿನ ಉಬ್ಬು, ಕೆಳಗಿನದರ ಕೆನ್ನೆಬದಿಯ ತೋಡಿನಲ್ಲಿ ಕೂತರೆ ಒಂದನೆಯ ವರ್ಗ. ಕೆಳಗಿನ ಹಲ್ಲು ಹಿಂದೆ ಉಳಿದಿದ್ದರೆ ಎರಡನೆಯದು, ಮುಂದೆ ಹೋಗಿದ್ದರೆ ಮೂರನೆಯದು. ಎರಡನೆಯದರಲ್ಲಿ ಮತ್ತೆ ಎರಡು ಭಾಗ: ಬಾಚಿಹಲ್ಲು ಮುಂದಕ್ಕೆ ಚಾಚಿದ್ದು, ನಡುವಿನ ಬಾಚಿಹಲ್ಲು ಒಳಕ್ಕೆ ವಾಲಿದ್ದು. ಹತ್ತು ನಿಮಿಷದಲ್ಲಿ ಕಲಿಯಬಹುದು, ಅದೇ ಅದರ ಬಲ ಮತ್ತು ದೌರ್ಬಲ್ಯ. ಮೇಲಿನ ದವಡೆಹಲ್ಲು ಸ್ಥಿರ ಎಂದು ಆಂಗಲ್ ನಂಬಿದ್ದ. ಹಾಲುಹಲ್ಲು ಬೇಗ ಹೋದ ಬಾಯಲ್ಲಿ ಅದು ಸ್ಥಿರವಲ್ಲ ಎಂಬುದನ್ನು ಈಗಷ್ಟೇ ನೋಡಿದೆವು. ದವಡೆಯ ಮೂಳೆ, ಮುಖದ ಎತ್ತರ, ತುಟಿಯ ನಿಲುವು ಇವು ಯಾವುವೂ ಅವನ ಲೆಕ್ಕದಲ್ಲಿಲ್ಲ. ಲಾರೆನ್ಸ್ ಆಂಡ್ರ್ಯೂಸ್ 1972ರಲ್ಲಿ ಪ್ರಕಟಿಸಿದ, ಸರಿಯಾದ ಹಲ್ಲುಜೋಡಣೆಯ ಆರು ಲಕ್ಷಣಗಳನ್ನೂ ಇದರ ಜೊತೆಗೆ ಕಲಿಸುತ್ತಾರೆ. ‘ಕ್ಲಾಸ್ ಟು’ ಎಂದು ಬರೆದೊಡನೆ ರೋಗನಿದಾನ ಮುಗಿಯಿತು ಎಂದುಕೊಳ್ಳುವ ಅಭ್ಯಾಸ ಮಾತ್ರ ಇಂಟರ್ನ್‌ಶಿಪ್‌ವರೆಗೂ ಬಿಡುವುದಿಲ್ಲ.

ಆಲ್ಜಿನೇಟ್‌ನಿಂದ ಅಚ್ಚು ತೆಗೆದು, ಪ್ಲಾಸ್ಟರ್ ಸುರಿದು, ಕೋನ ಹಿಡಿದು ಕತ್ತರಿಸಿದ ಮಾದರಿಗಳ ಮೇಲೆ ವಿದ್ಯಾರ್ಥಿಗಳು ಹಲ್ಲುಗಳ ಅಗಲ ಅಳೆಯುತ್ತಾರೆ. ಬೋಲ್ಟನ್‌ನ 1958ರ ಅನುಪಾತ, ಅಂದರೆ ಹನ್ನೆರಡು ಹಲ್ಲುಗಳಿಗೆ ಶೇ. 91.3 ಮತ್ತು ಮುಂದಿನ ಆರಕ್ಕೆ ಶೇ. 77.2, ಇವತ್ತಿಗೂ ಉಪಯುಕ್ತ. ಹಲ್ಲು ಬದಲಾಗುವ ವಯಸ್ಸಿನಲ್ಲಿ ಮೋಯರ್ಸ್ ಕೋಷ್ಟಕ ಕೆಲಸಕ್ಕೆ ಬರುತ್ತದೆ. ಪಾಂಟ್ 1909ರಲ್ಲಿ ಫ್ರೆಂಚ್ ಜನರನ್ನು ನೋಡಿ ರಚಿಸಿದ ಸೂಚ್ಯಂಕದ ಮಾತು ಬೇರೆ. ನಾಲ್ಕು ಬಾಚಿಹಲ್ಲುಗಳ ಮೊತ್ತದಿಂದ ದವಡೆ ಎಷ್ಟು ಅಗಲವಿರಬೇಕು ಎಂದು ಅದು ಹೇಳುತ್ತದೆ. ಬೇರೆ ಬೇರೆ ಜನವರ್ಗಗಳಲ್ಲಿ ಪರೀಕ್ಷಿಸಿದಾಗ ಸಂಬಂಧ ದುರ್ಬಲವೆಂದು ಕಂಡುಬಂತು, ಆದರೂ ರೆಕಾರ್ಡ್ ಪುಸ್ತಕದಲ್ಲಿ ಅದರ ಪುಟ ಗಟ್ಟಿಯಾಗಿ ಕೂತಿದೆ.

ತಲೆಯ ಪಕ್ಕದಿಂದ ನಿಗದಿತ ದೂರದಲ್ಲಿ ತೆಗೆಯುವ ಎಕ್ಸ್‌ರೇಯೇ ಸೆಫಲೊಗ್ರಾಂ. ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್ರಾತ್ ಇಬ್ಬರೂ ಬೇರೆಬೇರೆಯಾಗಿ 1931ರಲ್ಲಿ ಇದನ್ನು ತಂದರು. ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮ್ ಇಟ್ಟು, ತೆಳು ಹಾಳೆಯ ಮೇಲೆ ಚೂಪು ಪೆನ್ಸಿಲಿನಿಂದ ಗೆರೆ ತೆಗೆದು, ಬಿಂದುಗಳನ್ನು ಗುರುತಿಸಿ ಕೋನ ಅಳೆಯುವ ಕೆಲಸ ಈಗ ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಆಗುತ್ತದೆ. ಆದರೂ ಕೈಯಿಂದ ಒಮ್ಮೆಯಾದರೂ ಮಾಡಿದವರಿಗಷ್ಟೇ ಯಂತ್ರ ತಪ್ಪಿದ್ದು ಗೊತ್ತಾಗುತ್ತದೆ. ದವಡೆಗಳ ಸ್ಥಾನ ಸೂಚಿಸಲು ಸ್ಟೈನರ್ 1953ರಲ್ಲಿ ಕೊಟ್ಟ 82, 80, 2 ಡಿಗ್ರಿಗಳ ಸಂಖ್ಯೆಗಳು ಎಲ್ಲರಿಗೂ ಬಾಯಿಗೆ ಬರುತ್ತವೆ. ಡೌನ್ಸ್ 1948ರಲ್ಲಿ ತನ್ನ ಅಳತೆಗಳನ್ನು ಕಟ್ಟಿದ್ದು 12ರಿಂದ 17 ವರ್ಷದ ಬರೀ 20 ಬಿಳಿಯರನ್ನು ನೋಡಿ. ತುಟಿ, ಹಲ್ಲು ಸ್ವಲ್ಪ ಮುಂದಿರುವುದೇ ಸಹಜವಾದ ಎಷ್ಟೋ ಭಾರತೀಯ ಮುಖಗಳನ್ನು ಆ ಕೋಲಿನಿಂದ ಅಳೆದರೆ ಆರೋಗ್ಯವಂತರೂ ರೋಗಿಗಳಾಗಿ ಕಾಣುತ್ತಾರೆ. ಸಂಖ್ಯೆ ಎಲ್ಲಿಂದ ಬಂತು ಎಂದು ಹೇಳದೆ ಸಂಖ್ಯೆಯನ್ನಷ್ಟೇ ಕಲಿಸುವುದು ತಪ್ಪು.

ತಂತಿ ಬಾಗಿಸುವುದು

ಹಳೆಯ ವಿದ್ಯಾರ್ಥಿಗಳನ್ನು ಆರ್ಥೊ ಬಗ್ಗೆ ಕೇಳಿದರೆ ಮೊದಲು ನೆನಪಾಗುವುದು ಇಕ್ಕಳ ಒತ್ತಿ ನೋಯುತ್ತಿದ್ದ ಬೆರಳು. ನಿಯಮಾವಳಿಯ ಪಟ್ಟಿ ಸ್ಪಷ್ಟವಾಗಿದೆ: 0.7 ಮಿ.ಮೀ. ಸ್ಟೀಲ್ ತಂತಿಯನ್ನು ನೇರ ಮಾಡುವುದು, ಅದರಿಂದ ತ್ರಿಕೋನ, ಚೌಕ, ಆಯತ, ವೃತ್ತ; ಆಮೇಲೆ ಹಲ್ಲನ್ನು ಹಿಡಿಯುವ ಕ್ಲಾಸ್ಪ್‌ಗಳು; 0.5ರಲ್ಲಿ ಹಲ್ಲು ತಳ್ಳುವ ಸ್ಪ್ರಿಂಗ್‌ಗಳು, 0.6ರಲ್ಲಿ ಕೋರೆಹಲ್ಲು ಹಿಂದಕ್ಕೆಳೆಯುವ ರಿಟ್ರಾಕ್ಟರ್‌ಗಳು. ಕೊನೆಗೆ ಮುಂದಿನ ಹಲ್ಲುಗಳ ಮೇಲೆ ಹಾಯುವ ಲೇಬಿಯಲ್ ಬೋ. ಸುರುಳಿಯಿಂದ ಬಿಚ್ಚಿದ ತಂತಿಯನ್ನು ಮೇಜಿನ ಮೇಲಿಟ್ಟರೆ ಎಲ್ಲೂ ಎದ್ದು ನಿಲ್ಲದಂತೆ ನೇರ ಮಾಡುವುದೇ ಮೊದಲ ಪರೀಕ್ಷೆ, ಅದರಲ್ಲೇ ಅರ್ಧ ಬ್ಯಾಚು ಸೋಲುತ್ತದೆ.

ಇಡೀ ತರಗತಿಯ ನಾಯಕ ಆಡಮ್ಸ್ ಕ್ಲಾಸ್ಪ್. ಬೆಲ್‌ಫಾಸ್ಟ್‌ನ ಫಿಲಿಪ್ ಆಡಮ್ಸ್ 1950ರ ಹೊತ್ತಿಗೆ ಬಳಕೆಗೆ ತಂದದ್ದು. ಬಾಣದ ಮೊನೆಯಂಥ ಎರಡು ಕುಣಿಕೆಗಳು ದವಡೆಹಲ್ಲಿನ ಕೆನ್ನೆಬದಿಯ ಎರಡು ಮೂಲೆಗಳ ಕೆಳಗೆ ಸೇರಿ, ಬಾಯಿಗೆ ಹಾಕಿ ತೆಗೆಯುವ ಪ್ಲೇಟನ್ನು ಹಿಡಿಯುತ್ತವೆ. ಅವುಗಳ ನಡುವಿನ ಸೇತುವೆ ಹಲ್ಲಿಗೆ ತಾಗದೆ ಒಂದೆರಡು ಮಿ.ಮೀ. ದೂರ ನಿಲ್ಲಬೇಕು. ಮೊನೆಗಳು ಮೂಲೆಯಲ್ಲಿ ಕೂರದೆ ಪಕ್ಕದ ಹಲ್ಲಿಗೆ ಒರಗಿದರೆ ಹಿಡಿತವೂ ಇಲ್ಲ, ಪಕ್ಕದ ಹಲ್ಲೂ ಸರಿಯುತ್ತದೆ. ಒಂದೇ ಕಡೆ ಎರಡು ಮೂರು ಸಲ ಬಾಗಿಸಿದ ತಂತಿ ಗಡುಸಾಗಿ ಬಾಯಲ್ಲಿ ಮುರಿಯುತ್ತದೆ, ಇಕ್ಕಳದ ಗೀರು ಬಿದ್ದಲ್ಲಿ ಇನ್ನೂ ಬೇಗ.

ಇದೆಲ್ಲ ಕಮ್ಮಾರಿಕೆಯಾಗಿ ಉಳಿದರೆ ಸಮಯ ವ್ಯರ್ಥ. ಯಂತ್ರಶಾಸ್ತ್ರದ ಒಂದು ಸಣ್ಣ ನಿಯಮ ಸೇರಿಸಿದರೆ ಅರ್ಥ ಬರುತ್ತದೆ. ತಂತಿಯ ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣ, ಉದ್ದದ ಘನಕ್ಕೆ ವಿಲೋಮ. ವ್ಯಾಸ ಇಮ್ಮಡಿಯಾದರೆ ಬಿಗುಪು 16 ಪಟ್ಟು. ಉದ್ದ ಇಮ್ಮಡಿಯಾದರೆ ಎಂಟರಲ್ಲೊಂದು ಪಾಲು. ಸ್ಪ್ರಿಂಗಿಗೆ 0.5, ಕ್ಲಾಸ್ಪಿಗೆ 0.7 ಏಕೆ, ಸ್ಪ್ರಿಂಗಿನ ಬುಡದಲ್ಲಿ ಸುರುಳಿ ಏಕೆ ಎಂಬುದಕ್ಕೆ ಇಷ್ಟೇ ಉತ್ತರ: 0.7ರ ತಂತಿ 0.5ರದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಬಿಗಿ, ಸುರುಳಿ ಸುತ್ತಿದರೆ ತಂತಿ ಉದ್ದವಾಗಿ ಬಲ ಮೃದುವಾಗುತ್ತದೆ. ಒಂದು ಬೇರಿನ ಹಲ್ಲನ್ನು ವಾಲಿಸಲು ಸಾಕಾಗುವ ಬಲ ಸುಮಾರು 25ರಿಂದ 50 ಗ್ರಾಂ. ಶ್ವಾರ್ಟ್ಸ್ 1932ರಲ್ಲೇ ಬೇರಿನ ಮೇಲ್ಮೈಯ ಚದರ ಸೆಂ.ಮೀ.ಗೆ 20ರಿಂದ 26 ಗ್ರಾಂ ಎಂದು, ಲೋಮನಾಳಗಳ ರಕ್ತದೊತ್ತಡಕ್ಕೆ ಹೋಲಿಸಿ ಹೇಳಿದ್ದ. ಹೆಚ್ಚು ಒತ್ತಿದರೆ ಹಲ್ಲು ಬೇಗ ಸರಿಯುವುದಿಲ್ಲ: ಬೇರಿನ ಸುತ್ತಲ ಪೊರೆಗೆ ರಕ್ತ ನಿಂತು ಜೀವಕೋಶಗಳು ಸತ್ತು, ಅದು ತೆರವಾಗುವವರೆಗೆ ಚಲನೆಯೇ ನಿಲ್ಲುತ್ತದೆ. ಒಂದು ಹಲ್ಲನ್ನು ಎಳೆಯುವಾಗ ಆಸರೆಯ ಹಲ್ಲುಗಳೂ ಎದುರು ದಿಕ್ಕಿಗೆ ಸರಿಯುವುದನ್ನು ಹಗ್ಗಜಗ್ಗಾಟದ ಉದಾಹರಣೆ ಕೊಟ್ಟು ವಿವರಿಸುವುದು ತರಗತಿಗಳಲ್ಲಿ ರೂಢಿ.

ತಂತಿ ಕೆಲಸವನ್ನು ಪಾಠಪಟ್ಟಿಯಿಂದ ತೆಗೆಯಬೇಕು ಎನ್ನುವವರಿದ್ದಾರೆ. ಪೂರ್ತಿ ತೆಗೆಯುವುದು ಸರಿಯಲ್ಲ. ಮುಂದಿನ ಒಂದು ಹಲ್ಲು ಒಳಗೆ ಕಚ್ಚಿಕೊಂಡಿರುವ ಎಂಟು ವರ್ಷದ ಮಗುವಿಗೆ ಝಡ್ ಸ್ಪ್ರಿಂಗಿನ ಸಣ್ಣ ಪ್ಲೇಟು ಕೆಲವೇ ವಾರಗಳಲ್ಲಿ ಪರಿಹಾರ ಕೊಡುತ್ತದೆ, ಅದನ್ನು ತಾಲೂಕು ಊರಿನ ದಂತವೈದ್ಯರೇ ಮಾಡಬಹುದು. ಆದರೆ ಬಳಕೆಯಲ್ಲೇ ಇಲ್ಲದ ಕ್ಲಾಸ್ಪ್‌ಗಳನ್ನು ‘ಕೋಟಾ’ ಮುಗಿಸಲೆಂದು ಬಾಗಿಸುವ ಗಂಟೆಗಳನ್ನು ಮಕ್ಕಳ ವಿಭಾಗದಲ್ಲಿ ಬಾಯಿ ನೋಡಲು ಕೊಡುವುದು ಲೇಸು.

ರೋಗಿಗಳ ನಡುವೆ, ಪರೀಕ್ಷೆಯಲ್ಲಿ

ವಿಭಾಗದಲ್ಲಿ ವಿದ್ಯಾರ್ಥಿ ಮಾಡುವುದು ರೋಗಿಯ ವಿವರ ಬರೆಯುವುದು, ಅಚ್ಚು ತೆಗೆಯುವುದು, ಅಧ್ಯಾಪಕರೊಂದಿಗೆ ಚರ್ಚಿಸುವುದು. ಬೆರಳು ಚೀಪುವುದು, ಬಾಯಲ್ಲಿ ಉಸಿರಾಡುವುದು, ನಾಲಿಗೆ ತಳ್ಳುವುದು ಇವನ್ನು ಮಗುವನ್ನು ಹೆದರಿಸದೆ ಕೇಳಿ ತಿಳಿಯುವ ಕಲೆ ಪುಸ್ತಕದಲ್ಲಿ ಸಿಗದು. ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳು ಕರ್ನಾಟಕದ ಕಾಲೇಜುಗಳಲ್ಲಿ ಮೊದಲು ಕಲಿಯುವ ಕನ್ನಡ ‘ಬಾಯಿ ತೆಗೀರಿ’, ‘ಕಚ್ಚಿ’, ‘ನೋವಿದೆಯಾ’. ತಾಯಿಯೊಂದಿಗೆ ಮಾತಾಡಲು ಅಷ್ಟು ಸಾಲದು.

ಓದಲು ವಿಲಿಯಂ ಪ್ರಾಫಿಟ್ 1986ರಲ್ಲಿ ಮೊದಲು ತಂದ ಗ್ರಂಥ ಜಗತ್ತಿನೆಲ್ಲೆಡೆ ಆಧಾರ. ಇಲ್ಲಿನ ವಿದ್ಯಾರ್ಥಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಭಾಲಾಜಿ ಅವರ ಪುಸ್ತಕ. ಪರೀಕ್ಷೆಗೆ ಒಟ್ಟು 200 ಅಂಕ. ಲಿಖಿತ 70, ವೈವಾ 20, ಪ್ರಾಯೋಗಿಕ 90, ಉಳಿದದ್ದು ಆಂತರಿಕ. ಕೊಟ್ಟ ಮಾದರಿಗೆ ಕ್ಲಾಸ್ಪ್ ಅಥವಾ ಸ್ಪ್ರಿಂಗ್ ಬಾಗಿಸುವುದು ಪ್ರಾಯೋಗಿಕದ ಮುಖ್ಯ ಭಾಗ. ಅಂಕ ಎಲ್ಲಿದೆಯೋ ಓದು ಅಲ್ಲಿರುತ್ತದೆ.

ಬೇರೆಡೆ ಒತ್ತು ಬೇರೆ. ಅಮೆರಿಕದಲ್ಲಿ ಕಾಲೇಜುಗಳ ಮಾನ್ಯತೆಯ ನಿಯಮಗಳು ಪದವೀಧರನಿಂದ ನಿರೀಕ್ಷಿಸುವುದು ಹಲ್ಲುಗಳ ಅಸಮ ಜೋಡಣೆಯ ಮತ್ತು ಬಾಯಲ್ಲಿ ಜಾಗ ಕಾಯುವ ತಿಳಿವಳಿಕೆ. ಬ್ರಿಟನ್ನಿನಲ್ಲಿ ಬ್ರೂಕ್ ಮತ್ತು ಶಾ 1989ರಲ್ಲಿ ರೂಪಿಸಿದ ಸೂಚ್ಯಂಕ ಚಿಕಿತ್ಸೆಯ ಅಗತ್ಯವನ್ನು ಐದು ದರ್ಜೆಗಳಲ್ಲಿ ಇಡುತ್ತದೆ, ಜೊತೆಗೆ ಹತ್ತು ಭಾವಚಿತ್ರಗಳ ಸೌಂದರ್ಯ ಮಾಪಕ. ಸರ್ಕಾರದ ಖರ್ಚಿನಲ್ಲಿ ಯಾವ ಮಗುವಿಗೆ ಚಿಕಿತ್ಸೆ ಎಂಬುದನ್ನು ನಿರ್ಧರಿಸುವುದು ಅದೇ, ಹಾಗಾಗಿ ವಿದ್ಯಾರ್ಥಿ ದಿನವೂ ಅದನ್ನು ಬಳಸುತ್ತಾನೆ. ಇಲ್ಲಿ ಅದು ಸಮುದಾಯ ಸಮೀಕ್ಷೆಗಳಲ್ಲೇ ಹೆಚ್ಚಾಗಿ ಕಾಣುತ್ತದೆ.

ಹೊಸ ಒತ್ತಡ ಬಂದಿರುವುದು ಪಾರದರ್ಶಕ ಅಲೈನರ್‌ಗಳಿಂದ. ಅಲೈನ್ ಟೆಕ್ನಾಲಜಿ ಕಂಪನಿ 1997ರಲ್ಲಿ ಹುಟ್ಟಿತು, ಅದರ ಇನ್ವಿಸಲೈನ್ 1999ರಲ್ಲಿ ಮಾರುಕಟ್ಟೆಗೆ ಬಂತು. ಬಾಯಿ ಸ್ಕ್ಯಾನ್ ಮಾಡಿ ಕಳಿಸಿದರೆ ಯೋಜನೆ ಕಂಪ್ಯೂಟರಿನಿಂದ ಬರುತ್ತದೆ, ಆದ್ದರಿಂದ ಬಿ.ಡಿ.ಎಸ್. ಮಾತ್ರ ಓದಿದವರೂ ಒಂದೆರಡು ದಿನದ ಕಾರ್ಯಾಗಾರ ಮುಗಿಸಿ ಇದಕ್ಕೆ ಇಳಿಯುತ್ತಿದ್ದಾರೆ. ಅಮೆರಿಕದಲ್ಲಿ ವೈದ್ಯರ ಭೇಟಿಯಿಲ್ಲದೆ ಮನೆಗೇ ಅಲೈನರ್ ಕಳಿಸುತ್ತಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಚಿಕಿತ್ಸೆ ಅರ್ಧಕ್ಕೆ ನಿಂತ ರೋಗಿಗಳು ದಿಕ್ಕಿಲ್ಲದಂತಾದರು. ಯಂತ್ರ ಕೊಟ್ಟ ಯೋಜನೆಯಲ್ಲಿ ಬೇರು ಮೂಳೆಯ ಹೊರಗೆ ಹೋಗುತ್ತಿದೆಯೇ, ಮಗುವಿನ ದವಡೆ ಇನ್ನೂ ಬೆಳೆಯಲಿದೆಯೇ ಎಂದು ನೋಡಲು ಬರುವವರಿಗಷ್ಟೇ ಅದನ್ನು ತಿದ್ದಲು ಬರುತ್ತದೆ. ಇದಕ್ಕಾಗಿ ಪಾಠಪಟ್ಟಿಯಲ್ಲಿ ಕೆಲವು ಗಂಟೆ ಹುಡುಕಬೇಕಾದರೆ ಕಷ್ಟವೇನಿಲ್ಲ: ಪಾಂಟ್ ಸೂಚ್ಯಂಕವನ್ನೂ ಬಳಕೆ ತಪ್ಪಿದ ಕ್ಲಾಸ್ಪ್‌ಗಳನ್ನೂ ಕೈಬಿಟ್ಟರೆ ಸಾಕು.